ವಾರಾಟಾ ಗಿಡ ಉಳಿಸಿಕೊಳ್ಳಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸಿಡ್ನಿಯ ನಮ್ಮ ಹಿತ್ತಲಲ್ಲಿ ಎರಡು ವರ್ಷದ ಹಿಂದೆ ವಾರಾಟಾ ನೆಟ್ಟಿದ್ದೆ. 1962ರಿಂದ ನ್ಯೂ ಸೌತ್ ವೇಲ್ಸ್‌ನ ರಾಜ್ಯಹೂವು ಅದು. ಆ ದೊಡ್ಡ ಕೆಂಪು ಹೂವು ನಮ್ಮಲ್ಲೂ ಅರಳಲಿ ಅಂತ ತುಂಬಾ ಆಸೆ.

ಹೋದ ತಿಂಗಳು ಗುಲಾಬಿಯ ಗೊಬ್ಬರವನ್ನೇ ಇದಕ್ಕೂ ಒಂದು ಹಿಡಿ ಹಾಕಿಬಿಟ್ಟೆ. ಈಗ ಎಳೆ ಎಲೆ ಹಳದಿ, ಹಳೆ ಎಲೆಯ ಅಂಚು ಸುಟ್ಟ ಹಾಗೆ ಕಂದು. ಇಲ್ಲಿನ ಬ್ಯಾಂಕ್ಸಿಯಾ, ಗ್ರೆವಿಲಿಯಾ ಗಿಡಗಳ ಥರ ಇದರ ಬೇರೂ ರಂಜಕ (ಗೊಬ್ಬರದಲ್ಲಿರುವ ಫಾಸ್ಫರಸ್) ಕಡಿಮೆ ಇರುವ ಮಣ್ಣಿಗೆ ಒಗ್ಗಿದ್ದು, ಅದು ಜಾಸ್ತಿಯಾದರೆ ವಿಷವೇ ಅಂತ ಆಮೇಲೆ ಗೊತ್ತಾಯಿತು.

ಮೇಲಿನ ಗೊಬ್ಬರ ಕೆರೆದು ತೆಗೆದಿದ್ದೇನೆ. ಚೆನ್ನಾಗಿ ನೀರು ಬಿಟ್ಟು ಉಳಿದದ್ದನ್ನು ತೊಳೆಯಲಾ? ನಮ್ಮದು ಜೇಡಿಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ ಅಲ್ವಾ? ಕಿತ್ತು, ಮರಳು ಬೆರೆಸಿದ ಎತ್ತರದ ಮಡಿಯಲ್ಲಿ ನೆಡಬಹುದಾ, ಬೇರು ಕದಲಿಸಲೇಬಾರದಾ? ಬೆಳೆಸಿದವರು ದಯವಿಟ್ಟು ತಿಳಿಸಿ.