ಮೈಬಣ್ಣ ನೋಡಿ ತಡೆಯುವ ಪೊಲೀಸರು: ನಮ್ಮಂಥವರು ಏನು ಮಾಡಬಹುದು? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ. ಹೋದ ಶನಿವಾರ ಸಂಜೆ ನನ್ನ ಮಗ ಮತ್ತು ಅವನ ಗೆಳೆಯ ಬ್ಯಾಸ್ಕೆಟ್‌ಬಾಲ್ ಆಡಿ ನಡೆದುಕೊಂಡು ಬರುತ್ತಿದ್ದರು. ಇಬ್ಬರಿಗೂ 19 ವರ್ಷ. ಗೆಳೆಯ ಕಪ್ಪು ಹುಡುಗ. ಪಕ್ಕದಲ್ಲೇ ಒಂದು ಕಾರು ನಿಂತಿತು, ಇಬ್ಬರು ಪೊಲೀಸರು ಇಳಿದರು. ಗೆಳೆಯನನ್ನು ಗೋಡೆ ಕಡೆ ತಿರುಗಿಸಿ ಮೈಯೆಲ್ಲ ತಡವಿದರು. ಬ್ಯಾಗ್ ತಲೆಕೆಳಗು ಮಾಡಿ ಸುರಿದರು. ಬಿದ್ದಿದ್ದು ಒಂದು ಟವೆಲ್, ನೀರಿನ ಬಾಟಲಿ, ಒಂದು ಜೊತೆ ಸಾಕ್ಸ್. ನನ್ನ ಮಗನಿಗೆ "ನೀನು ಆ ಕಡೆ ನಿಂತುಕೋ" ಅಂದರು, ಅಷ್ಟೇ. ಅವನ ಬ್ಯಾಗ್ ಮುಟ್ಟಲೇ ಇಲ್ಲ. ಆಮೇಲೆ ಒಂದು ಮಾತೂ ಹೇಳದೆ ಹೊರಟುಹೋದರು. ಅವತ್ತಿನಿಂದ ಮಗ ಸರಿಯಾಗಿ ಊಟ ಮಾಡುತ್ತಿಲ್ಲ. "ಅಪ್ಪ, ನಾನು ಸುಮ್ನೆ ನಿಂತಿದ್ದೆ" ಅಂತ ಅದನ್ನೇ ಹೇಳುತ್ತಾನೆ. ನಮ್ಮ ಬೀದಿಯಲ್ಲಿ ಇದು ಆಗಾಗ ನಡೆಯುತ್ತದಂತೆ. ಏನಾದರೂ ಮಾಡಲಿಕ್ಕೆ ಆಗುತ್ತದಾ?

ಉತ್ತರ: ನಮಸ್ಕಾರ. ಮೊದಲು ನಿಮ್ಮ ಮಗನಿಗೆ ಹೇಳಿ, ಅವನು ಸುಮ್ಮನೆ ನಿಂತಿರಲಿಲ್ಲ, ನೋಡುತ್ತಾ ನಿಂತಿದ್ದ. ಅವನು ಸಾಕ್ಷಿ. ಒಂದೇ ಬೀದಿ, ಒಂದೇ ಹೊತ್ತು, ಒಂದೇ ವಯಸ್ಸಿನ ಇಬ್ಬರು. ಒಬ್ಬನ ಜೇಬು ತಡಕಿದರು, ಇನ್ನೊಬ್ಬನನ್ನು ಬಿಟ್ಟರು. ಬಣ್ಣ ನೋಡಿಯೇ ತಡೆದರು ಅಂತ ತೋರಿಸುವುದು ಕೋರ್ಟಿನಲ್ಲಿ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಇಷ್ಟು ಸ್ಪಷ್ಟವಾದ ಹೋಲಿಕೆ ಸಿಗುವುದೇ ಅಪರೂಪ.

ಇವತ್ತು ರಾತ್ರಿಯೇ ಅವನನ್ನು ಕೂರಿಸಿ ಬರೆಸಿ. ಎಷ್ಟು ಗಂಟೆ, ಯಾವ ಮೂಲೆ, ಕಾರಿನ ನಂಬರ್, ಯೂನಿಫಾರ್ಮ್ ಇತ್ತಾ, ಮೊದಲು ಆಡಿದ ಮಾತು ಏನು, ಯಾರು ಎಲ್ಲಿ ಕೈ ಹಾಕಿದರು. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ" ಅಂತಲೇ ಬರೆಯಲಿ. ವಾರ ಕಳೆದರೆ ನೆನಪು ಮಸುಕಾಗುತ್ತದೆ.

ಈ ನಗರದಲ್ಲಿ 2018ರ ಅಕ್ಟೋಬರ್‌ನಿಂದ ಒಂದು ಕಾನೂನಿದೆ. ಹೀಗೆ ತಡೆದು ತಡವಿದ ಪೊಲೀಸರು ಬಂಧಿಸದೆ ಬಿಟ್ಟರೆ ತಮ್ಮ ಹೆಸರು, ಹುದ್ದೆ ಇರುವ ಕಾರ್ಡ್ ಕೊಡಬೇಕು. ಬ್ಯಾಗ್ ತೆರೆಯಲು ನಮ್ಮ ಒಪ್ಪಿಗೆ ಬಿಟ್ಟರೆ ಬೇರೆ ಆಧಾರ ಇಲ್ಲದಿದ್ದರೆ, ಬೇಡ ಅನ್ನುವ ಹಕ್ಕು ನಮಗಿದೆ ಅಂತ ಅವರೇ ಹೇಳಬೇಕು. ಕಾರ್ಡ್ ಕೊಡಲಿಲ್ಲ ಅಂದರೆ ಅದನ್ನೂ ಬರೆಯಿರಿ. ಬಾಡಿ ಕ್ಯಾಮೆರಾದ ವಿಡಿಯೋ ಬೇಕು ಅಂತ ಅರ್ಜಿ ಹಾಕಬಹುದು. ಸಿಸಿಆರ್‌ಬಿ ಅಂತ ನಾಗರಿಕರ ದೂರು ಮಂಡಳಿ ಇದೆ, ಅದು ಪೊಲೀಸ್ ಠಾಣೆಯಲ್ಲ. ಕಣ್ಣಾರೆ ಕಂಡವರೂ ಅಲ್ಲಿ ದೂರು ಕೊಡಬಹುದು.

ಆದರೆ ತಡವಿದ್ದು ಗೆಳೆಯನ ಮೈಯನ್ನು. ದೂರು ಬೇಕೋ ಬೇಡವೋ ಅನ್ನುವುದನ್ನು ಅವನೇ ಹೇಳಬೇಕು. ಮೊದಲು ಅವರ ಮನೆಗೆ ಹೋಗಿ ಬನ್ನಿ. ಫೋನ್ ಬೇಡ, ಖುದ್ದಾಗಿ ಹೋಗಿ.

ಪ್ರಶ್ನೆ: ಅಕ್ಕ, ಒಂದು ದೂರು ಕೊಟ್ಟರೆ ಯಾರು ಕೇಳುತ್ತಾರೆ? ಅವರದ್ದು ಅಷ್ಟು ದೊಡ್ಡ ಇಲಾಖೆ.

ಉತ್ತರ: ಒಂದನ್ನು ಕೇಳುವುದಿಲ್ಲ ಅಮ್ಮ. ಅದಕ್ಕೇ ಜನ ಸೇರುವುದು. ಇದೇ ಊರಿನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

1999ರಲ್ಲಿ ಬ್ರಾಂಕ್ಸ್‌ನಲ್ಲಿ ನಾಲ್ವರು ಪೊಲೀಸರು ಒಬ್ಬ ನಿರಾಯುಧ ಕಪ್ಪು ಯುವಕನ ಮೇಲೆ 41 ಗುಂಡು ಹಾರಿಸಿದರು. ಅವನು ನಿಂತಿದ್ದು ತನ್ನ ಮನೆ ಬಾಗಿಲಲ್ಲಿ. ಜನ ಬೀದಿಗಿಳಿದರು, ಮೊಕದ್ದಮೆ ಹೂಡಿದರು. ಆ ಗಲಾಟೆಯಿಂದ ಒಂದು ಸಣ್ಣ ಫಲ ಸಿಕ್ಕಿತು. ಯಾರನ್ನು ತಡೆದರು, ಯಾಕೆ, ಅವರ ಬಣ್ಣ ಯಾವುದು ಅನ್ನುವ ಲೆಕ್ಕವನ್ನು ಪೊಲೀಸರು ನಗರಸಭೆಗೆ ಕೊಡಬೇಕು ಅಂತ 2001ರಲ್ಲಿ ಕಾನೂನಾಯಿತು. ಅವತ್ತು ಅದು ಬರೀ ಕಾಗದದ ಕೆಲಸ ಅನ್ನಿಸಿರಬಹುದು. ಹತ್ತು ವರ್ಷ ಬಿಟ್ಟು ನೋಡಿದರೆ ಅದೇ ಕಾಗದ ದೊಡ್ಡ ಆಯುಧ ಆಗಿತ್ತು.

2011ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ಪೊಲೀಸರು 6,85,724 ಸಲ ಜನರನ್ನು ತಡೆದರು. ಈ ತಡೆಗಳ ವಿರುದ್ಧ ಹೂಡಿದ್ದ ಫ್ಲಾಯ್ಡ್ ಮೊಕದ್ದಮೆಯಲ್ಲಿ ಕೋರ್ಟಿನ ಮುಂದೆ ಬಂದಿದ್ದು 2004ರಿಂದ 2012ರ ಮಧ್ಯದವರೆಗಿನ 44 ಲಕ್ಷ ತಡೆಗಳ ಲೆಕ್ಕ. ಪೊಲೀಸರೇ ತುಂಬಿದ ಫಾರಂಗಳು ಅವು. ಶೇ. 80ಕ್ಕೂ ಜಾಸ್ತಿ ಜನ ಕಪ್ಪು ಅಥವಾ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ಮೈ ತಡವಿದ ನೂರರಲ್ಲಿ ಆಯುಧ ಸಿಕ್ಕಿದ್ದು ಒಂದೂವರೆ ಸಲ. ಇದರ ಜೊತೆ ತಡೆಸಿಕೊಂಡ ಹುಡುಗರು ಕೋರ್ಟಿಗೆ ಬಂದು ತಮ್ಮ ಬಾಯಲ್ಲೇ ಹೇಳಿದರು. 2013ರ ಆಗಸ್ಟ್ 12ರಂದು ನ್ಯಾಯಾಧೀಶೆ ಶೀರಾ ಶೈಂಡ್ಲಿನ್, ಇದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು.

ಆದರೆ ಕೋರ್ಟೊಂದೇ ಗೆಲ್ಲಿಸಿತು ಅಂದುಕೊಳ್ಳಬೇಡಿ. 2012ರ ಅಪ್ಪಂದಿರ ದಿನದಂದು ಸಾವಿರಾರು ಜನ ಫಿಫ್ತ್ ಅವೆನ್ಯೂದಲ್ಲಿ ಮೌನವಾಗಿ ನಡೆದರು. ಘೋಷಣೆ ಇಲ್ಲ, ಕೂಗಿಲ್ಲ. ಕಮ್ಯುನಿಟೀಸ್ ಯುನೈಟೆಡ್ ಫಾರ್ ಪೊಲೀಸ್ ರಿಫಾರ್ಮ್ ಅನ್ನುವ ಒಕ್ಕೂಟದಡಿ ಹತ್ತಾರು ಸಂಘಗಳು ಸೇರಿದವು. ಕ್ವೀನ್ಸ್‌ನಲ್ಲಿ ನಮ್ಮ ದಕ್ಷಿಣ ಏಷ್ಯಾದ ದುಡಿಯುವ ಜನ ಕಟ್ಟಿದ ಡ್ರಮ್ ಸಂಘಟನೆಯೂ ಅದರಲ್ಲಿತ್ತು. ತೀರ್ಪು ಬಂದ ಅದೇ 2013ರ ಆಗಸ್ಟ್‌ನಲ್ಲಿ ನಗರಸಭೆ ಮೇಯರ್ ಬ್ಲೂಮ್‌ಬರ್ಗ್ ಅವರ ವೀಟೋವನ್ನೂ ಮೀರಿ, ಬಣ್ಣ, ಧರ್ಮ, ವಲಸೆ ಸ್ಥಿತಿ ನೋಡಿ ತಡೆಯುವುದರ ವಿರುದ್ಧ ಕಾನೂನು ಮಾಡಿತು. 2014ರ ಹೊತ್ತಿಗೆ ದಾಖಲಾದ ತಡೆಗಳು 50 ಸಾವಿರಕ್ಕಿಂತ ಕೆಳಗೆ ಬಂದವು.

ಹಾಗಂತ ಮುಗಿಯಲಿಲ್ಲ. ಫಾರಂಗೆ ಸೇರದ ಸಣ್ಣ ತಡೆಗಳು ಉಳಿದುಕೊಂಡಿದ್ದವು. "ಎಲ್ಲಿಗೆ ಹೋಗ್ತಿದೀಯ?" ಅಂತ ಕೇಳುವುದೂ ಲೆಕ್ಕಕ್ಕೆ ಬರಲಿ ಅಂತ ಮತ್ತೆ ಹೋರಾಟ ಆಯಿತು. 2024ರ ಜನವರಿಯಲ್ಲಿ ಇನ್ನೊಂದು ವೀಟೋ ಮೀರಿ ಆ ಕಾನೂನೂ ಬಂತು. ಅದಕ್ಕೇ ನಾನು ಎಲ್ಲರಿಗೂ ಬರೆದಿಡಿ, ಬರೆದಿಡಿ ಅಂತ ಪೀಡಿಸುವುದು.

ಪ್ರಶ್ನೆ: ಅವರ ಹುಡುಗನನ್ನು ಬಿಟ್ಟರಲ್ಲ ಮೇಡಂ? ನಾವು ವೀಸಾದ ಮೇಲೆ ಇರುವವರು. ಮಧ್ಯೆ ತಲೆ ಹಾಕಿ ತೊಂದರೆ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ದೂರು ಮಂಡಳಿ ಯಾರ ವೀಸಾವನ್ನೂ ಕೇಳುವುದಿಲ್ಲ. ಆದರೂ ವೀಸಾದವರು ವಲಸೆ ವಕೀಲರನ್ನು ಒಮ್ಮೆ ಕೇಳಿಕೊಂಡೇ ಮುಂದೆ ಹೋಗಿ, ಅದು ಹೇಡಿತನ ಅಲ್ಲ. 18 ದಾಟಿದ ವಲಸಿಗರು ನೋಂದಣಿ ದಾಖಲೆ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಫೆಡರಲ್ ಕಾನೂನು, ಮರೆಯಬೇಡಿ. ಪೊಲೀಸರು ತಡೆದರೆ ಓಡಬೇಡಿ, ಸುಳ್ಳು ಹೇಳಬೇಡಿ, ಕೈ ಕಾಣುವ ಹಾಗೆ ಇಡಿ.

ಇನ್ನು "ನಮ್ಮವನನ್ನು ಬಿಟ್ಟರಲ್ಲ" ಅನ್ನುವ ಮಾತು. ಇದು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. 2015ರಲ್ಲಿ ಅಲಬಾಮಾದಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಭಾರತದಿಂದ ಬಂದಿದ್ದ ಒಬ್ಬ ಹಿರಿಯರು ಮಗನ ಮನೆ ಹತ್ತಿರ ವಾಕಿಂಗ್ ಹೋಗಿದ್ದರು. ಯಾರೋ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಅಂತ ಪಕ್ಕದವರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸ್ ಅವರನ್ನು ನೆಲಕ್ಕೆ ಕೆಡವಿದ. ಕೈಕಾಲಿನ ಸ್ವಾಧೀನ ಭಾಗಶಃ ಹೋಯಿತು. ಎರಡು ಸಲ ಜ್ಯೂರಿಯಲ್ಲಿ ಒಮ್ಮತ ಬರದೆ, ಕೊನೆಗೆ ಆ ಪೊಲೀಸ್ ಖುಲಾಸೆಯಾದ. ಆ ಪಕ್ಕದ ಮನೆಯವರಿಗೆ ಆ ಹಿರಿಯರು ಭಾರತೀಯ ಅಂತ ಕಾಣಲಿಲ್ಲ, ಅಲ್ವಾ? ಅದು ಹಾಗಿರಲಿ. ನಮ್ಮವರಿಗೆ ಏನೂ ಆಗುವುದಿಲ್ಲ ಅಂತ ಇಟ್ಟುಕೊಂಡರೂ, ಆ ಹುಡುಗ ನಿಮ್ಮ ಮಕ್ಕಳ ಜೊತೆ ಆಡಿ ಬೆಳೆದವನು.

ಪ್ರಶ್ನೆ: ತಡೆಯುವುದು ಕಡಿಮೆಯಾದರೆ ಅಪರಾಧ ಜಾಸ್ತಿ ಆಗುವುದಿಲ್ಲವಾ?

ಉತ್ತರ: ನ್ಯೂಯಾರ್ಕ್‌ನಲ್ಲಿ ಹಾಗಾಗಲಿಲ್ಲ. 2011ರಲ್ಲಿ 515 ಕೊಲೆ, 2017ರಲ್ಲಿ 292. 2020ರಲ್ಲಿ ಏರಿತು, ನಿಜ. ಆ ವರ್ಷ ದೇಶದ ಉದ್ದಕ್ಕೂ ಏರಿತು.

ಮೊದಲು ಪ್ರಶ್ನೆ ಕೇಳಿದವರು: ಮೇಡಂ, ನಿನ್ನೆ ಅವರ ಮನೆಗೆ ಹೋಗಿ ಬಂದೆ. ಆ ಹುಡುಗನ ತಾಯಿ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಮಗ ಏಳನೇ ಕ್ಲಾಸಿನಲ್ಲಿ ಇದ್ದಾಗಿನಿಂದ ಬರೆದಿಟ್ಟಿದ್ದಾರೆ. ಇದು ಹನ್ನೊಂದನೇ ಸಲ. ನನಗೆ ಮಾತೇ ಹೊರಡಲಿಲ್ಲ. ದೂರು ಕೊಡುವುದು ಅಂತ ಹುಡುಗರಿಬ್ಬರೂ ಒಪ್ಪಿದ್ದಾರೆ. ಗುರುವಾರ ಅವರ ಚರ್ಚಿನಲ್ಲಿ ಬೀದಿಯವರೆಲ್ಲ ಸೇರುತ್ತಾರಂತೆ. ನಾನು ಅಲ್ಲಿ ಏನು ಮಾತಾಡಲಿ?

ಉತ್ತರ: ಗುರುವಾರ ನೀವು ಮಾತಾಡಬೇಕಾಗಿಲ್ಲ. ಬೇಗ ಹೋಗಿ, ಕುರ್ಚಿ ಹಾಕಲು ಕೈಜೋಡಿಸಿ. ಆ ತಾಯಿ ಮೊದಲು ಮಾತಾಡಲಿ. ಕೊನೆಗೆ ನಿಮ್ಮ ಮಗ ತಾನು ಬರೆದಿದ್ದನ್ನು ಎದ್ದು ನಿಂತು ಓದಲಿ. ಮನೆಗೆ ಹೊರಡುವಾಗ ಇನ್ನೂ ಯಾರ ಹತ್ತಿರ ಇಂಥ ನೋಟ್‌ಬುಕ್ ಇದೆ ಅಂತ ಕೇಳಿ, ಅವರ ಹೆಸರು ಬರೆದುಕೊಂಡು ಬನ್ನಿ. ಶುಕ್ರವಾರ ನನಗೆ ಫೋನ್ ಮಾಡಿ.