ಎನ್‌ಗ್ರೇವಿಂಗ್, ಎಚಿಂಗ್ ಎರಡಕ್ಕೂ ‘ಕೆತ್ತನೆ’ ಸಾಕೇ?

ಎಲ್ಲರಿಗೂ ನಮಸ್ಕಾರ. 17ನೇ ಶತಮಾನದ ಡಚ್ ಭಾವಚಿತ್ರಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಎನ್‌ಗ್ರೇವಿಂಗ್, ಎಚಿಂಗ್ ಅಂದರೆ ಲೋಹದ ತಗಡಿನಲ್ಲಿ ಗೆರೆ ಮೂಡಿಸಿ ಕಾಗದದ ಮೇಲೆ ಚಿತ್ರದ ಅಚ್ಚು ತೆಗೆಯುವ ಎರಡು ಬಗೆ. ಎರಡಕ್ಕೂ ನಾವು ‘ಕೆತ್ತನೆ’ ಅಂತಲೇ ಬರೆಯುತ್ತೇವೆ. ಕೆತ್ತನೆ ಅಂದ ಕೂಡಲೇ ಕಣ್ಣಿಗೆ ಬರೋದು ಕಲ್ಲು, ಉಳಿ, ಸುತ್ತಿಗೆ ಅಲ್ವಾ? ಆದರೆ ಎನ್‌ಗ್ರೇವಿಂಗ್ ಮಾಡುತ್ತಿದ್ದ ಡಚ್ ಕಲಾವಿದ, ಹಾರ್ಲೆಮ್ ಊರಿನ ಗೋಲ್ಟ್ಸಿಯಸ್ (1558–1617) ಸುತ್ತಿಗೆ ಹಿಡಿಯಲಿಲ್ಲ. ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಕಡ್ಡಿಯನ್ನು ಅಂಗೈಯಿಂದ ಒತ್ತಿ ತಾಮ್ರದ ತಗಡಿನ ಮೇಲೆ ತಳ್ಳುತ್ತಿದ್ದ, ಒತ್ತಿದಷ್ಟೂ ಗೆರೆ ದಪ್ಪವಾಗುತ್ತಿತ್ತು. ಇದಕ್ಕೆ ನನಗೆ ‘ಕೊರೆ’ ಹತ್ತಿರ ಅನ್ನಿಸುತ್ತದೆ.

ಎಚಿಂಗ್‌ನಲ್ಲಿ ಕೊರೆಯುವುದು ಆಮ್ಲ. ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲಕ್ಕೆ ಬಿಟ್ಟರೆ ಗೀಚಿದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಡಚ್ಚಿನ ‘ಎಟ್ಸೆನ್’ ಬಂದಿದ್ದು ಜರ್ಮನ್ನಿನಿಂದ, ಅದರ ಮೂಲ ಅರ್ಥ ‘ತಿನ್ನಿಸು’! ತುಕ್ಕು ಕಬ್ಬಿಣ ತಿಂತು ಅಂತ ನಾವೂ ಹೇಳುತ್ತೇವೆ. ಹಾಗಾದರೆ ‘ತಿನ್ನಚ್ಚು’ ಅಂದರೆ ಕಿವಿಗೆ ಒಗ್ಗುತ್ತದೆಯೇ? ರೆಂಬ್ರಾಂಟ್ 1647ರಲ್ಲಿ ಮಾಡಿದ ಯಾನ್ ಸಿಕ್ಸ್ ಭಾವಚಿತ್ರದಲ್ಲಂತೂ ಆಮ್ಲ, ಬರೀ ಸೂಜಿಯ ಗೀರು, ಬ್ಯೂರಿನ್ ಮೂರೂ ಇವೆ. ಅಲ್ಲಿ ‘ಕೆತ್ತನೆ’ ಅಂದುಬಿಟ್ಟರೆ ಏನೂ ಹೇಳಿದಂತಾಗುವುದಿಲ್ಲ. ಜೊತೆಗೆ ನಮ್ಮ ಕೈಯಲ್ಲಿರುವುದು ಕಾಗದ, ಕೊರೆದಿದ್ದು ತಗಡನ್ನು, ಕಾಗದದ ಮೇಲಿರುವುದು ಅದರ ಅಚ್ಚು. ಅದಕ್ಕೇ ಎನ್‌ಗ್ರೇವಿಂಗ್‌ಗೆ ‘ಕೊರೆಯಚ್ಚು’ ಅನ್ನೋಣ ಅಂತಿದ್ದೇನೆ.

ಇನ್ನೊಂದು, ಚಿತ್ರದ ಕೆಳಗಿನ ಲ್ಯಾಟಿನ್ ಸಹಿ. ಡೆಲ್ಫ್ಟ್ ಊರಿನ ವಿಲೆಮ್ ಡೆಲ್ಫ್ ತನ್ನ ಮಾವ ಮೀರೆವೆಲ್ಟ್ ಬರೆದ ಭಾವಚಿತ್ರಗಳನ್ನು ತಗಡಿಗಿಳಿಸುತ್ತಿದ್ದ. ಅಂಥ ಹಾಳೆಗಳಲ್ಲಿ ಬಣ್ಣದಲ್ಲಿ ಬರೆದವನಿಗೆ ‘ಪಿಂಕ್ಸಿಟ್’, ತಗಡು ಕೊರೆದವನಿಗೆ ‘ಸ್ಕಲ್ಪ್ಸಿಟ್’, ಅಚ್ಚು ಹಾಕಿ ಹೊರತಂದವನಿಗೆ ‘ಎಕ್ಸ್‌ಕೂಡಿಟ್’ ಅಂತ ಹಾಕುವ ರೂಢಿ. ಸ್ಕಲ್ಪ್ಸಿಟ್‌ಗೆ ನಮ್ಮ ಶಾಸನಗಳ ‘ಕಂಡರಿಸಿದ’ (ಅಂದರೆ ಕೊರೆದ, ಕೆತ್ತಿದ) ಎಷ್ಟು ಚೆನ್ನಾಗಿ ಕೂರುತ್ತದೆ! ಆದರೆ ಈಗಿನ ಓದುಗರಿಗೆ ಗೊತ್ತಾಗುತ್ತದೆಯೇ ಅನ್ನೋದೇ ನನ್ನ ಚಿಂತೆ.

ಯುರೋಪಿನಲ್ಲಿ ಈ ವಿದ್ಯೆ ಅಕ್ಕಸಾಲಿಗರ ಅಂಗಡಿಯಿಂದ ಬಂದದ್ದು. ಹಾಗಾಗಿ ನಿಮ್ಮಲ್ಲಿ ಅಕ್ಕಸಾಲಿಗರ ಮನೆಯವರು ಇದ್ದರೆ ದಯವಿಟ್ಟು ಹೇಳಿ, ಬೆಳ್ಳಿ ಲೋಟದ ಮೇಲೆ ಹೆಸರು ಹಾಕುವ ಕೆಲಸಕ್ಕೆ, ಆ ಚೂಪು ಕಡ್ಡಿಗೆ ನಿಮ್ಮ ಮನೆಯಲ್ಲಿ ಏನಂತೀರಿ?