ಬಿ.ಎ. ಮುಗಿಸಿ ಕಾನೂನು ಓದುವುದೋ, ಈಗಲೇ ಐದು ವರ್ಷದ ಕೋರ್ಸಿಗೆ ಸೇರುವುದೋ?

ಪ್ರಶ್ನೆ (ಧಾರವಾಡದ ವಿದ್ಯಾರ್ಥಿನಿ):
ನಾನು ಬಿ.ಎ. ಮೊದಲ ವರ್ಷದಲ್ಲಿ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಓದುತ್ತಿದ್ದೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಅಜ್ಜಿಯ ವೃದ್ಧಾಪ್ಯ ವೇತನಕ್ಕಾಗಿ ತಿಂಗಳುಗಟ್ಟಲೆ ಕಚೇರಿಗೆ ಅಲೆದಂದಿನಿಂದ, ಕಾನೂನಿನಲ್ಲಿ ಬರೆದಿರುವುದು ಜನರ ಕೈಗೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಹೀಗಾಗಿ ಕಾನೂನು ಮತ್ತು ಸಾರ್ವಜನಿಕ ನೀತಿ ಎರಡನ್ನೂ ಓದುವ ಆಸೆಯಿದೆ. ಈ ಪದವಿಯನ್ನು ಬಿಟ್ಟು, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿನ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆಯಲೇ ಅಥವಾ ಇದನ್ನು ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರಲೇ? ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1 (ಹುಬ್ಬಳ್ಳಿಯ ವಕೀಲರು):
ಪದವಿಯನ್ನು ಬಿಡಬೇಡಿ. ನಮ್ಮ ದೇಶದಲ್ಲಿ ಕಾನೂನಿಗೆ ಮುನ್ನ ಇಂಥದೇ ವಿಷಯ ಓದಿರಬೇಕೆಂಬ ನಿಯಮವಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಯಾವ ಪದವಿಯಾದರೂ ಸಾಕು. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45, ಹಿಂದುಳಿದ ವರ್ಗಗಳಿಗೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 40 ಅಂಕ ಬೇಕು. ಕ್ಲ್ಯಾಟ್ ಪೂರ್ಣವಾಗಿ ಇಂಗ್ಲಿಷಿನಲ್ಲಿರುವ, ಉದ್ದುದ್ದ ಗದ್ಯಭಾಗಗಳನ್ನು ವೇಗವಾಗಿ ಓದಿಸುವ ಪರೀಕ್ಷೆ. ನಮ್ಮ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಾದರೆ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ಹಾಗೆಂದು ಇಂಗ್ಲಿಷನ್ನು ಕೈಬಿಡಬಾರದು: ಉಚ್ಚ ನ್ಯಾಯಾಲಯದ ಕಲಾಪ ನಡೆಯುವುದು ಆ ಭಾಷೆಯಲ್ಲಿಯೇ, ಆದ್ದರಿಂದ ಈಗಿನಿಂದಲೇ ವಾರಕ್ಕೊಂದು ತೀರ್ಪನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಆರಂಭಿಸಿ ಅದಕ್ಕೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿರುವುದರಿಂದ, ಪದವಿ ಮುಗಿಸಿದ ಮಾತ್ರಕ್ಕೆ ನಿಮಗೆ ಆ ಬಾಗಿಲು ಮುಚ್ಚುವುದಿಲ್ಲ.

ಉತ್ತರ 2 (ಐದು ವರ್ಷದ ಕೋರ್ಸಿನ ವಿದ್ಯಾರ್ಥಿ):
ಐದು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಉಳಿಯುತ್ತದೆ ಎನ್ನುವುದು ಪಿಯುಸಿ ಮುಗಿಸಿದೊಡನೆ ಸೇರುವವರ ಲೆಕ್ಕ. ಈಗಾಗಲೇ ಒಂದು ವರ್ಷ ಓದಿರುವ ತಮಗೆ ಆ ಲಾಭವಿಲ್ಲ, ಶುಲ್ಕದ ಭಾರವನ್ನೂ ಯೋಚಿಸಬೇಕು.

ಉತ್ತರ 3 (ನೀತಿ ಸಂಶೋಧಕಿ, ಬೆಂಗಳೂರು):
ತಂಗಿ, ನಿನ್ನ ಅಜ್ಜಿಯ ಪ್ರಸಂಗದಲ್ಲಿಯೇ ಎರಡೂ ಶಾಸ್ತ್ರಗಳಿವೆ. ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯೊಳಗೆ ಕೊಡಬೇಕೆನ್ನುವ ಕರ್ನಾಟಕದ 2011ರ ಸಕಾಲ ಕಾಯ್ದೆಯಲ್ಲಿ, ಆ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕೆಂದಿದೆ. ಅದನ್ನು ಯಾರು ಕೊಡಬೇಕು, ಮೇಲ್ಮನವಿ ಯಾರಿಗೆ ಸಲ್ಲಬೇಕು ಎಂದು ಕಾನೂನು ಕೇಳುತ್ತದೆ. ಆ 20 ರೂಪಾಯಿಯಿಂದ ಕಚೇರಿಯ ನಡವಳಿಕೆ ನಿಜವಾಗಿ ಬದಲಾಗುತ್ತದೆಯೇ, ಪರಿಹಾರ ಕೇಳಬಹುದೆಂದು ಎಷ್ಟು ಜನ ಅರ್ಜಿದಾರರಿಗೆ ಗೊತ್ತಿದೆ ಎಂದು ನೀತಿಶಾಸ್ತ್ರ ಕೇಳುತ್ತದೆ. ಎರಡನೆಯ ಬಗೆಯ ಪ್ರಶ್ನೆಗೆ ಅಂಕಿಅಂಶ ಬೇಕಾಗುವುದರಿಂದ, ಅರ್ಥಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯಿದ್ದರೆ ಅದನ್ನು ಖಂಡಿತ ಆರಿಸಿಕೋ. ಇದು ನಾನು ತಡವಾಗಿ ಕಲಿತು ಕಷ್ಟಪಟ್ಟ ವಿಷಯ. ಮುಂದೆ ನ್ಯಾಷನಲ್ ಲಾ ಸ್ಕೂಲಿನಲ್ಲಿಯೇ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಪದವಿಯಿದೆ. ಸಂಸದರೊಬ್ಬರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್‌ಗೆ ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ಅದನ್ನು ನಡೆಸುವ, ಸಂಸತ್ತಿನ ಕೆಲಸದ ಬಗ್ಗೆ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಮಸೂದೆ ಸಾರಾಂಶಗಳು ಉಚಿತವಾಗಿ ಸಿಗುತ್ತವೆ, ಇಂದೇ ಓದಲು ತೊಡಗು.

ಧಾರವಾಡದ ವಿದ್ಯಾರ್ಥಿನಿ:
ತಮ್ಮೆಲ್ಲರಿಗೂ ಕೃತಜ್ಞತೆಗಳು. ಪದವಿ ಮುಗಿಸುವುದೆಂದು ನಿರ್ಧರಿಸಿದ್ದೇನೆ. ಅಕ್ಕ, ಸಕಾಲ ಸಂಖ್ಯೆಯಿರುವ ಅಜ್ಜಿಯ ಸ್ವೀಕೃತಿ ಚೀಟಿ ಇನ್ನೂ ಮನೆಯಲ್ಲಿದೆ. ಊರಿಗೆ ಹೋದಾಗ ಅದರ ದಿನಾಂಕವನ್ನು ಕಾಯ್ದೆಯ ಜೊತೆಗಿಟ್ಟು ನೋಡುತ್ತೇನೆ.